ಹೇಳಲಾರದ ಮಗುವಿಗೆ ಔಷಧ



ಈ ಹೊತ್ತು ಸಭೆ ಸೇರುವ ಮುಂಚೆ ನಗಾರಿ ಬಾರಿಸಲಿಲ್ಲ. ಧ್ವನಿವರ್ಧಕವನ್ನೂ ಅರ್ಧಕ್ಕೆ ಇಳಿಸಲು ಹೇಳಿದ್ದೇವೆ. ಹಿಂದೆ ಕುಳಿತವರಿಗೆ ನಮ್ಮ ಮಾತು ಕೇಳದಿದ್ದರೆ ಮುಂದೆ ಬಂದು ಕುಳಿತುಕೊಳ್ಳಿರಿ, ಜಾಗವಿದೆ. ಹೀಗೇಕೆ ಎಂಬುದನ್ನು ಆಮೇಲೆ ಹೇಳುತ್ತೇವೆ.

ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಶರಣರ ಯಾವುದಾದರೊಂದು ತತ್ತ್ವವನ್ನು ಹಿಡಿದು ಮಾತನಾಡುವುದು ಈ ಮಠದ ಪದ್ಧತಿ. ಇಂದು ಆ ಪದ್ಧತಿಯನ್ನು ಬಿಟ್ಟಿದ್ದೇವೆ. ಇಂದಿನ ಮಾತು ಒಂದು ಗುಳಿಗೆಯನ್ನು ಕುರಿತದ್ದು. ಮಠದಲ್ಲಿ ಗುಳಿಗೆಯ ಮಾತೇಕೆ ಎಂದು ನೀವು ಕೇಳಬಹುದು. ಮಠದಲ್ಲಿ ಕುಳಿತು ನಾವು ಒಮ್ಮೆ ಗುಳಿಗೆಯ ಮಾತು ಆಡಿಬಿಟ್ಟೆವು. ಅದರಿಂದ ಒಂದು ಮಗುವಿಗೆ ನೋವಾಯಿತು. ಯಾವ ಪೀಠದಲ್ಲಿ ಕುಳಿತು ಆಡಿದೆವೋ ಅದೇ ಪೀಠದಲ್ಲಿ ಕುಳಿತು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲವೆ?

ಕೆಲವು ವರ್ಷಗಳ ಹಿಂದಿನ ಸಂಗತಿ. ನಮ್ಮ ಮಠದ ಭಕ್ತರಾದ ಒಂದು ದಂಪತಿ. ಆತ ಬಸ್ಸಿನ ಕಂಡಕ್ಟರ್. ಆಕೆ ಮನೆಯಲ್ಲಿಯೇ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಹಿರಿಯಳು ಮಗಳು, ಕಿರಿಯವನು ಮಗ. ಆ ಮಗನಿಗೆ ಮೂರನೆಯ ವರ್ಷದಲ್ಲಿಯೇ ವೈದ್ಯರು ಆಟಿಸಂ ಎಂದಿದ್ದರು. ಪುಸ್ತಕದ ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ನಮಗೆ ಆ ಶಬ್ದ ಅಷ್ಟಾಗಿ ಒಪ್ಪಿಗೆಯಾಗಿಲ್ಲ. ತನ್ನಲ್ಲಿಯೇ ಲೀನನಾದವನು ಎಂದರೆ ಕೇಳಿದವರು ಒಬ್ಬ ಯೋಗಿಯನ್ನೋ, ಇಲ್ಲವೆ ತನ್ನದಷ್ಟೇ ನೋಡಿಕೊಳ್ಳುವ ಸ್ವಾರ್ಥಿಯನ್ನೋ ನೆನೆದಾರು. ಈ ಹುಡುಗ ಎರಡೂ ಅಲ್ಲ. ಆದ್ದರಿಂದ ನಾವು ಆಟಿಸಂ ಎಂದೇ ಹೇಳುತ್ತೇವೆ. ತಾನಾಗಿ ಆಡುವ ಮಾತು ಬಹಳ ಕಡಿಮೆ. ಆದರೆ ಯಾವ ಊರಿನ ಬಸ್ಸು ಎಷ್ಟು ಗಂಟೆಗೆ ಎಂಬುದೆಲ್ಲ ಬಾಯಿಪಾಠ. ಅಪ್ಪ ಮರೆತರೆ ಮಗ ಹೇಳುತ್ತಿದ್ದ.

ಅವನಿಗೆ ಹದಿಮೂರು ತುಂಬಿದ ವರ್ಷ ಅಕ್ಕನ ಮದುವೆಯಾಯಿತು. ಮದುವೆಯಾದ ತಿಂಗಳಲ್ಲಿ ಹುಡುಗನಿಗೆ ಒಂದು ಭಯ ಹತ್ತಿತು. ರಾತ್ರಿಯೆಲ್ಲ ಎದ್ದೆದ್ದು ಬಾಗಿಲ ಚಿಲಕ ಮುಟ್ಟಿ ನೋಡುವುದು, ಚರ್ಮ ಸೀಳುವ ತನಕ ಕೈ ತೊಳೆಯುವುದು, ತಡೆದರೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವುದು. ಶಾಲೆಯ ಮಾತೇ ಇಲ್ಲ. ಮನೋವೈದ್ಯರಲ್ಲಿಗೆ ಕರೆದೊಯ್ದರು. ಅವರು ಸರ್ಟ್ರಾಲಿನ್ ಎಂಬ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಪ್ರಾರಂಭಿಸಿ, ನಿಧಾನವಾಗಿ ಏರಿಸಿದರು. ಎಂಟು ತಿಂಗಳಲ್ಲಿ ಹುಡುಗ ರಾತ್ರಿ ಮಲಗುವಂತಾದ. ಚಿಲಕ ಮುಟ್ಟುವುದು ಮೂರು ಸಲಕ್ಕೆ ಬಂತು. ಶಾಲೆಗೆ ಅರ್ಧ ದಿನ ಹೋಗತೊಡಗಿದ.

ಆಗ ಆ ತಾಯಿ ಒಂದು ಅಮಾವಾಸ್ಯೆಯ ದಿನ ನಮ್ಮಲ್ಲಿಗೆ ಬಂದಳು. "ಅಜ್ಜಾರ, ಹುಡುಗ ಈಗ ಆರಾಮ ಅದಾನ್ರಿ. ಇನ್ನಾ ಎಷ್ಟ ದಿನಾ ಆ ಗುಳಿಗಿ ನುಂಗಿಸೂದ್ರಿ? ಹುಚ್ಚಿನ ಗುಳಿಗಿ ಅಂತ ಅತ್ತಿ ದಿನಾ ಬೈತಾರ್ರಿ" ಎಂದಳು. ನಾವು, "ಆರಾಮ ಆಗ್ಯಾನಲ್ಲ ತಾಯಿ, ಮತ್ಯಾಕ? ಬಿಟ್ಟಬಿಡ್ರಿ. ಶಿವ ನೋಡಿಕೊಳ್ತಾನ" ಎಂದೆವು. ಎರಡು ನಿಮಿಷದ ಮಾತು. ಅಂದು ಸಾಲಿನಲ್ಲಿ ಇನ್ನೂ ಅರವತ್ತು ಜನ ನಿಂತಿದ್ದರು.

ಅದೇ ರಾತ್ರಿ ಗುಳಿಗೆ ನಿಂತಿತು. ಮೂರನೆಯ ದಿನ ಹುಡುಗ ಗೋಡೆ ಹಿಡಿದುಕೊಂಡು ನಡೆಯತೊಡಗಿದ. ಮೆಟ್ಟಿಲು ಇಳಿಯಲೊಲ್ಲ. ಉಂಡದ್ದನ್ನು ಕಾರಿದ. ಬಟ್ಟೆ ತೊಡಿಸಿದರೆ ಅಳು, ತೆಗೆದರೆ ಅಳು. ತಲೆ ತಿರುಗುತ್ತದೆ ಎನ್ನಲು ಅವನಿಗೆ ಮಾತಿಲ್ಲ. ಅಜ್ಜಿ ಗಾಳಿ ಸೋಕಿದೆಯೆಂದು ನಿಂಬೆಹಣ್ಣು ನಿವಾಳಿಸಿದಳು. ಅದೆಲ್ಲ ಹತ್ತು ಹನ್ನೆರಡು ದಿನಕ್ಕೆ ಇಳಿಯಿತು; ಆದರೆ ಆರನೆಯ ವಾರದಲ್ಲಿ ಹಳೆಯ ಭಯ ತಿರುಗಿ ಬಂತು, ಮೊದಲಿಗಿಂತ ಜೋರಾಗಿ ಬಂತು. ಗೋಡೆಗೆ ಹಣೆ ಚಚ್ಚಿಕೊಂಡು ಮೂರು ಹೊಲಿಗೆ ಬಿದ್ದವು.

ವೈದ್ಯರು ನೋಡಿದ ಕೂಡಲೇ ತಿಳಿದುಕೊಂಡರು. "ಬಿಡು ಅಂತ ಯಾರು ಹೇಳಿದ್ರವ್ವಾ?" ಎಂದು ಕೇಳಿದರು. ಆ ತಾಯಿ ನಮ್ಮ ಹೆಸರು ಹೇಳಲಿಲ್ಲ. "ಯಾರೂ ಇಲ್ರಿ ಸಾಹೇಬ್ರ, ನಾವ ಬಿಟ್ಟಿವ್ರಿ" ಎಂದಳು. ಬೈಸಿಕೊಂಡಳು.

ಇದು ನಮಗೆ ತಿಳಿದದ್ದು ವರ್ಷದ ಮೇಲೆ. ಜಾತ್ರೆಯ ದಾಸೋಹಕ್ಕೆ ಸೇವೆ ಮಾಡಲು ಆ ಕಂಡಕ್ಟರ್ ಬಂದಿದ್ದ. ಪಡಸಾಲೆಯಲ್ಲಿ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದ. ಮಗ ಹೇಗಿದ್ದಾನೆ ಎಂದು ನಾವು ಕೇಳಿದಾಗ, ಹೆಚ್ಚುತ್ತ ಹೆಚ್ಚುತ್ತಲೇ ಎಲ್ಲವನ್ನೂ ಹೇಳಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಸ್ವಲ್ಪ ಹಗುರಾಗುತ್ತಿತ್ತು.

ಮರುವಾರ ನಾವೇ ಆ ವೈದ್ಯರನ್ನು ಕಾಣಲು ಹೋದೆವು. "ತಾವು ಬರಬೇಕಾಗಿರಲಿಲ್ಲ" ಎಂದು ಅವರು ಸೌಜನ್ಯಕ್ಕೆ ಹೇಳಿದರು. ಬರಬೇಕಾಗಿತ್ತು. ಅಂದಿನಿಂದ ಕೇಳಿ ತಿಳಿದದ್ದನ್ನು, ಓದಿಸಿ ತಿಳಿದದ್ದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇವೆ. ಈ ಸಭೆಯಲ್ಲಿ ಇಂತಹ ಮಕ್ಕಳ ತಂದೆತಾಯಿಗಳು ನಾಲ್ಕಾರು ಮಂದಿ ಇದ್ದಾರೆ. ಅವರ ನೆರೆಹೊರೆಯವರು, ಅತ್ತೆ ಮಾವಂದಿರು ಬಹಳ ಮಂದಿ ಇದ್ದಾರೆ. ಈ ಎರಡನೆಯವರಿಗಾಗಿಯೇ ಮುಖ್ಯವಾಗಿ ಈ ಮಾತು.

ಮೊದಲು ತಾಯಂದಿರ ಮೇಲಿನ ಒಂದು ಅಪವಾದವನ್ನು ತೆಗೆದುಹಾಕಬೇಕು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರು ನಿಂತಿತು. ಆಮೇಲೆ ಇಪ್ಪತ್ತು ಮೂವತ್ತು ವರ್ಷ ದೊಡ್ಡ ದೊಡ್ಡ ಪಂಡಿತರು, ತಾಯಿಯ ಮನಸ್ಸು ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂದು ಹೇಳುತ್ತ ಬಂದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ತಾವೇ ಇಂತಹ ಒಬ್ಬ ಮಗನ ತಂದೆ, ಒಂದು ಗ್ರಂಥ ಬರೆದು ಇದು ಹುಟ್ಟಿನಿಂದ ಬಂದ ಮಿದುಳಿನ ರಚನೆಯ ಸಂಗತಿ, ತಾಯಿಯ ತಪ್ಪಲ್ಲ ಎಂದು ವಾದಿಸಿದರು. ಈಗ ವೈದ್ಯರೆಲ್ಲ ಅದನ್ನು ಒಪ್ಪಿದ್ದಾರೆ. ನಮ್ಮ ಕಡೆ ತಣ್ಣನೆಯ ಮನಸ್ಸು ಎನ್ನಲಿಲ್ಲ, ಕರ್ಮ ಎಂದೆವು, ಬಸುರಿಯಿದ್ದಾಗ ಗ್ರಹಣ ನೋಡಿದಳು ಎಂದೆವು. ಮಾತು ಬೇರೆ, ಪೆಟ್ಟು ಬಿದ್ದದ್ದು ಒಬ್ಬಳಿಗೇ.

ಇನ್ನು ಗುಳಿಗೆಗೆ ಬರೋಣ. ಈ ಗುಳಿಗೆಗಳಿಗೆ ಖಿನ್ನತೆ ನಿವಾರಕ ಎಂದು ಹೆಸರು. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸ್‌ಸಿಟಲೊಪ್ರಾಮ್ ಮೊದಲಾದವು ಇದೇ ಪಂಗಡದವು. "ನನ್ನ ಮಗನಿಗೆ ಖಿನ್ನತೆ ಇಲ್ಲ, ನಗುತ್ತಾನೆ, ಉಣ್ಣುತ್ತಾನೆ; ಈ ಗುಳಿಗೆ ಏಕೆ ಬರೆದರು?" ಎಂದು ತಂದೆಗಳು ಕೇಳುತ್ತಾರೆ. ಹೆಸರು ಖಿನ್ನತೆಯದಾದರೂ, ಮಿತಿಮೀರಿದ ಭಯಕ್ಕೂ, ಮಾಡಿದ್ದನ್ನೇ ಮಾಡದೆ ಇರಲಾಗದ ಗೀಳಿಗೂ ಇವನ್ನು ಕೊಡುತ್ತಾರೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ದ್ರವ್ಯವೊಂದಿದೆ. ಕೆಲಸ ಮುಗಿದ ಮೇಲೆ ಕೋಶವು ಅದನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಈ ಗುಳಿಗೆ ಆ ಹೀರಿಕೆಯನ್ನು ತಡೆಯುತ್ತದೆ. ಆದರೆ ಗುಣ ಕಾಣುವುದು ಅದೇ ದಿನವಲ್ಲ. ನಾಲ್ಕಾರು ವಾರ ಬೇಕು. ಕಾಲುವೆಗೆ ನೀರು ಬಿಟ್ಟ ದಿನವೇ ಪೈರು ಹಸಿರಾಗುತ್ತದೆಯೆ? ಇನ್ನೂ ಒಂದು ಮಾತು ರೈತರಿಗೆ ಗೊತ್ತು: ಮೊದಲು ಬರುವ ನೀರು ಕಸಕಡ್ಡಿಯನ್ನು ಹೊತ್ತು ತರುತ್ತದೆ. ಈ ಔಷಧದಲ್ಲಿಯೂ ಹಾಗೆಯೇ, ಬೇಡದ ಪರಿಣಾಮ ಮೊದಲು ಬರುತ್ತದೆ, ಬೇಕಾದದ್ದು ಆಮೇಲೆ.

ಆಟಿಸಂ ಇರುವ ಮಕ್ಕಳಿಗೆ ಇದನ್ನು ಕೊಡುವ ಯೋಚನೆ ಎಲ್ಲಿಂದ ಬಂತು? 1961ರಲ್ಲಿಯೇ ಇಂತಹ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಹೆಚ್ಚಾಗಿದೆ ಎಂದು ಕಂಡುಬಂದಿತ್ತು. ಅಲ್ಲದೆ ಗೀಳಿನ ರೋಗಿಗಳಿಗೆ ಇದು ಗುಣ ಕೊಟ್ಟಿತ್ತು. ಈ ಮಕ್ಕಳೂ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರಲ್ಲ, ಇವರಿಗೂ ಗುಣವಾದೀತು ಎಂದು ವೈದ್ಯರು ಊಹಿಸಿದರು. ಊಹೆ ತಪ್ಪಲ್ಲ. ಆದರೆ ಊಹೆಯನ್ನು ಒರೆಗೆ ಹಚ್ಚಬೇಕಲ್ಲವೆ? 2009ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯ ಫಲ ಪ್ರಕಟವಾಯಿತು. 5ರಿಂದ 17 ವರ್ಷದ 149 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಸಿಟಲೊಪ್ರಾಮ್ ಎಂಬ ಇದೇ ಪಂಗಡದ ಔಷಧ. ಉಳಿದವರಿಗೆ ನೋಡಲು ರುಚಿಗೆ ಹಾಗೆಯೇ ಇರುವ, ಒಳಗೆ ಔಷಧವಿಲ್ಲದ ಹುಸಿ ಮದ್ದು. ಯಾರಿಗೆ ಯಾವುದು ಎಂಬುದು ವೈದ್ಯರಿಗೂ ತಿಳಿಯದು, ತಂದೆತಾಯಿಗಳಿಗೂ ತಿಳಿಯದು. ಹನ್ನೆರಡು ವಾರದ ಕೊನೆಗೆ ನೋಡಿದರೆ ಔಷಧ ಕುಡಿದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸುಧಾರಿಸಿದ್ದರು. ಹುಸಿ ಮದ್ದು ಕುಡಿದವರಲ್ಲಿಯೂ ಮೂರರಲ್ಲಿ ಒಂದು ಪಾಲು! ಔಷಧ ಕುಡಿದವರಲ್ಲಿ ಚಡಪಡಿಕೆ, ನಿದ್ದೆಗೇಡು, ಮುಂದಾಲೋಚನೆಯಿಲ್ಲದ ಓಡಾಟ ಮಾತ್ರ ಹೆಚ್ಚಾಗಿದ್ದವು. 2019ರಲ್ಲಿ ಆಸ್ಟ್ರೇಲಿಯದವರು 146 ಮಕ್ಕಳಲ್ಲಿ ಫ್ಲುಆಕ್ಸೆಟಿನ್ ಪರೀಕ್ಷಿಸಿದರು. ಗೀಳಿನಲ್ಲಿ ಸ್ವಲ್ಪ ಇಳಿತ ಕಂಡಿತು. ಆದರೆ ನಡುವೆಯೇ ಬಿಟ್ಟುಹೋದವರು ಬಹಳವಾದ್ದರಿಂದ ಆ ಫಲವನ್ನು ಗಟ್ಟಿಯೆಂದು ಹೇಳಲಾಗದು ಎಂದು ಅವರೇ ಬರೆದರು.

ಆ ಹುಸಿ ಮದ್ದಿನ ಸಂಗತಿ ನಮ್ಮನ್ನು ಬಹಳ ದಿನ ಕಾಡಿತು. ಔಷಧವಿಲ್ಲದೆ ಆ ಮಕ್ಕಳು ಹೇಗೆ ಸುಧಾರಿಸಿದರು? ಈ ಮಕ್ಕಳ ಕಷ್ಟ ಅಲೆಯಂತೆ ಏರಿ ಇಳಿಯುವಂಥದು. ಏರಿದಾಗ ವೈದ್ಯರ ಬಳಿ ಓಡುತ್ತೇವೆ, ಆಮೇಲೆ ತಾನೇ ಇಳಿಯುತ್ತದೆ. ಮನೆಯಲ್ಲಿ ಆಸೆ ಹುಟ್ಟುತ್ತದೆ. ಆಸೆ ಹುಟ್ಟಿದವರ ಕಣ್ಣಿಗೆ ಸುಧಾರಣೆ ಬೇಗ ಕಾಣುತ್ತದೆ. ಮಗುವಿನ ಜೊತೆ ದನಿಯೂ ಮೃದುವಾಗುತ್ತದೆ. ಮಠದಲ್ಲಿ ಕಟ್ಟಿಸಿಕೊಂಡ ದಾರ, ಹಚ್ಚಿಕೊಂಡ ವಿಭೂತಿಯಿಂದ ಮಗು ನೆಟ್ಟಗಾಯಿತು ಎನ್ನುವ ಭಕ್ತರೂ ಇದ್ದಾರೆ. ಅವರ ಭಕ್ತಿಗೆ ನಾವು ಕಲ್ಲು ಹಾಕುವುದಿಲ್ಲ. ಆದರೆ ಮೂರರಲ್ಲಿ ಒಂದು ಎಂಬ ಆ ಲೆಕ್ಕವನ್ನು ನಾವಂತೂ ಮರೆಯುವುದಿಲ್ಲ.

ಹಾಗಾದರೆ ಈ ಗುಳಿಗೆ ಬೇಡವೇ ಬೇಡವೆ? ಹಾಗಲ್ಲ. ಇಲ್ಲಿಯೇ ಲಕ್ಷ್ಯ ಕೊಟ್ಟು ಕೇಳಬೇಕು. ಆಟಿಸಂ ಹೋಗಲಾಡಿಸುವ ಗುಳಿಗೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಕೈ ಬೀಸುವುದು, ಗಿರಗಿರ ತಿರುಗುವುದು, ಬಸ್ಸಿನ ವೇಳೆ ಹೇಳುವುದು, ಇವನ್ನು ನಿಲ್ಲಿಸಲು ಗುಳಿಗೆ ಕೊಡಿಸಬೇಕಾಗಿಯೂ ಇಲ್ಲ. ಅದರಿಂದ ಯಾರಿಗೇನು ಬಾಧೆ? ಆದರೆ ಆಟಿಸಂ ಇರುವ ಮಗುವಿಗೂ ಭಯ ಹತ್ತುತ್ತದೆ, ದುಃಖ ಕವಿಯುತ್ತದೆ. ಪ್ರಾಯಕ್ಕೆ ಬಂದಾಗ ಅದು ಉಳಿದ ಮಕ್ಕಳಿಗಿಂತ ಹೆಚ್ಚೇ. ಉಳಿದ ಮಕ್ಕಳಲ್ಲಿ ಇಂತಹ ಭಯಕ್ಕೆ, ಗೀಳಿಗೆ, ಖಿನ್ನತೆಗೆ ಈ ಔಷಧಗಳು ಪರೀಕ್ಷೆಯಾಗಿ ಗುಣ ತೋರಿಸಿವೆ. ಫ್ಲುಆಕ್ಸೆಟಿನ್ನನ್ನು 8 ವರ್ಷ ದಾಟಿದ ಮಕ್ಕಳ ಖಿನ್ನತೆಗೆ ಕೊಡಲು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2003ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಅನುಭವದ ಆಧಾರದ ಮೇಲೆಯೇ ವೈದ್ಯರು ಈ ಮಕ್ಕಳಿಗೂ ಕೊಡುತ್ತಾರೆ, ಇನ್ನೂ ಸಣ್ಣ ಪ್ರಮಾಣದಲ್ಲಿ, ಇನ್ನೂ ನಿಧಾನವಾಗಿ. ಆದ್ದರಿಂದ ವೈದ್ಯರನ್ನು ಕೇಳಬೇಕಾದ ಮೊದಲನೆಯ ಪ್ರಶ್ನೆ, "ಇದು ಯಾವುದಕ್ಕೆ?" ಎಂಬುದು. "ಆಟಿಸಂಗೆ" ಎಂದರೆ ಕೈಮುಗಿದು ಇನ್ನೊಮ್ಮೆ ಕೇಳಿರಿ. "ಇವನ ರಾತ್ರಿಯ ಭಯಕ್ಕೆ" ಎಂದರೆ ಅದು ಉತ್ತರ. ಏನನ್ನು ನೋಡಬೇಕು ಎಂಬುದು ಆಗ ನಿಮಗೂ ತಿಳಿಯುತ್ತದೆ.

ಇನ್ನೊಂದು ಪಂಗಡದ ಗುಳಿಗೆಗಳನ್ನು ಇವುಗಳೊಡನೆ ಬೆರೆಸಬೇಡಿರಿ. ರಿಸ್ಪೆರಿಡೋನ್ ಎಂಬುದನ್ನು ಆಟಿಸಂ ಇರುವ ಮಕ್ಕಳ ತೀವ್ರ ಸಿಟ್ಟಿಗೆ, ತನ್ನನ್ನು ತಾನು ಘಾಸಿಮಾಡಿಕೊಳ್ಳುವುದಕ್ಕೆ ಕೊಡಲು 2006ರಲ್ಲಿ ಅಲ್ಲಿಯೇ ಒಪ್ಪಿಗೆಯಾಯಿತು. ಅದು ಖಿನ್ನತೆಯ ಗುಳಿಗೆಯಲ್ಲ. ಹಸಿವು ಮತ್ತು ತೂಕ ಏರಿಸುವ ಗುಣ ಅದಕ್ಕಿದೆ. ಕೆಲವು ಮಕ್ಕಳಿಗೆ ಎರಡೂ ಇರುತ್ತವೆ. ಫ್ಲುಆಕ್ಸೆಟಿನ್ ಜೊತೆಗೆ ಕೊಟ್ಟಾಗ ರಿಸ್ಪೆರಿಡೋನ್ ದೇಹದಲ್ಲಿ ಹೆಚ್ಚು ಉಳಿಯುತ್ತದೆ. ಆದುದರಿಂದ ಮಗು ತೆಗೆದುಕೊಳ್ಳುವ ಎಲ್ಲವನ್ನೂ, ಮೂರ್ಛೆಯ ಔಷಧ, ಕೆಮ್ಮಿನ ಔಷಧ, ನಾಟಿ ಪುಡಿ, ಕಷಾಯ ಇವೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರುವಿರಿ. ನಾಚಿಕೆ ಬೇಡ. ಮನೆತನದಲ್ಲಿ ಯಾರಿಗಾದರೂ ಮನಸ್ಸು ಅತಿಯಾಗಿ ಏರುವ, ಅತಿಯಾಗಿ ಇಳಿಯುವ ಕಾಯಿಲೆ ಇದ್ದರೆ ಅದನ್ನೂ ಹೇಳಿರಿ. ಅಂಥವರಿಗೆ ಈ ಗುಳಿಗೆ ಮನಸ್ಸನ್ನು ವಿಪರೀತ ಏರಿಸಬಹುದು. ಮದುವೆಯ ಸಂಬಂಧ ಕೆಡುತ್ತದೆ ಎಂದು ಇದನ್ನು ಮುಚ್ಚಿಡುವವರೇ ಹೆಚ್ಚು.

ನಾವು ಸಂಸ್ಕೃತ ಪಾಠಶಾಲೆಯಲ್ಲಿದ್ದಾಗ ಚರಕ ಸಂಹಿತೆಯ ಸೂತ್ರಸ್ಥಾನದ ಕೆಲವು ಅಧ್ಯಾಯಗಳನ್ನು ಗುರುಗಳು ಹೇಳಿಕೊಟ್ಟಿದ್ದರು. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಯ ನಾಲ್ಕು ಗುಣಗಳಲ್ಲಿ ಜ್ಞಾಪಕತ್ವ ಎಂಬುದೊಂದು. ತನ್ನ ಬಾಧೆಯನ್ನು ತಿಳಿಸಿ ಹೇಳಬಲ್ಲ ಶಕ್ತಿ ಎಂದು ಅದರ ಅರ್ಥ. ಹುಡುಗರಾಗಿದ್ದಾಗ ಇದನ್ನು ಉರುಹಚ್ಚಿ ಒಪ್ಪಿಸಿದೆವು. ಅದರ ತೂಕ ತಿಳಿದಿರಲಿಲ್ಲ. ಗೋಡೆ ಹಿಡಿದು ನಡೆದ ಆ ಹುಡುಗನ ಸಂಗತಿ ಕೇಳಿದಂದು ತಿಳಿಯಿತು. ಅವನಲ್ಲಿ ಆ ಒಂದು ಗುಣ ಇಲ್ಲ, ಪಾದ ಕುಂಟಾಗಿದೆ. ಆ ಭಾರ ಯಾರ ಮೇಲೆ ಬೀಳಬೇಕು? ಉಪಚಾರಕನ ಮೇಲೆ. ಎಂದರೆ ತಾಯಿ, ತಂದೆ, ಮನೆಯಲ್ಲಿರುವ ಅಜ್ಜಿ. ಅವನ ಪರವಾಗಿ ನೀವು ಹೇಳಬೇಕು, ಹೇಳಬೇಕಾದರೆ ನೋಡಿರಬೇಕು.

ಈ ತಾಯಿ ಎರಡನೆಯ ಸಲ ಗುಳಿಗೆ ಪ್ರಾರಂಭಿಸುವಾಗ ಏನು ಮಾಡಿದಳು ಕೇಳಿರಿ. ಹೊಲಿಗೆಯ ಅಳತೆ ಬರೆದುಕೊಳ್ಳುವ ಪುಸ್ತಕ ಅವಳಲ್ಲಿತ್ತು. ಒಂದು ಪುಟದಲ್ಲಿ ಕುಪ್ಪಸದ ಎದೆಯಳತೆ, ತೋಳಿನಳತೆ; ಎದುರು ಪುಟದಲ್ಲಿ ಮಗನ ಲೆಕ್ಕ. ಎಷ್ಟು ತಾಸು ನಿದ್ದೆ, ಎಷ್ಟು ರೊಟ್ಟಿ, ಹೊರಗಡೆಗೆ ಹೋದನೋ ಇಲ್ಲವೋ, ಚಿಲಕ ಎಷ್ಟು ಸಲ. ಗುಳಿಗೆ ಪ್ರಾರಂಭಿಸುವ ಎರಡು ವಾರ ಮೊದಲಿನಿಂದಲೇ ಬರೆದಳು. ಮೊದಲಿನ ಲೆಕ್ಕ ಇಲ್ಲದಿದ್ದರೆ ಆಮೇಲಿನದನ್ನು ಯಾವುದಕ್ಕೆ ಹೋಲಿಸುವುದು? ಚಿಲಕ ಮೂವತ್ತು ಸಲ, ಇಪ್ಪತ್ತೆಂಟು, ಮತ್ತೆ ಮೂವತ್ತೊಂದು. ಐದನೆಯ ವಾರ ಇಪ್ಪತ್ತು. ಎಂಟನೆಯ ವಾರ ಹನ್ನೊಂದು. ಆ ಪುಸ್ತಕ ನೋಡಿ ವೈದ್ಯರು, ಇಷ್ಟು ಚೆನ್ನಾಗಿ ನಮ್ಮ ವಿದ್ಯಾರ್ಥಿಗಳೂ ಬರೆಯುವುದಿಲ್ಲ ಎಂದರಂತೆ. ಆಕೆ ಓದಿದ್ದು ಏಳನೆಯ ಇಯತ್ತೆ.

ಪ್ರಾರಂಭದ ವಾರಗಳಲ್ಲಿ ಮತ್ತು ಪ್ರಮಾಣ ಏರಿಸಿದಾಗ, ಇಳಿಸಿದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ನಿದ್ದೆಯಿಲ್ಲದಿದ್ದರೂ ದಣಿಯದೆ ಓಡುವುದು, ಕಾರಣವಿಲ್ಲದ ನಗು, ಹೊಸದಾಗಿ ಬಂದ ಸಿಟ್ಟು, ಕಚ್ಚುವುದು, ಇವು ಕಂಡರೆ ಮುಂದಿನ ಭೇಟಿಯ ತನಕ ಕಾಯಬೇಡಿರಿ. ಅಂದೇ ವೈದ್ಯರಿಗೆ ತಿಳಿಸಿರಿ. ಬಹಳ ಸಲ ಪ್ರಮಾಣ ಇಳಿಸಿದರೆ ಸರಿಹೋಗುತ್ತದೆ. ಇನ್ನೊಂದು ಕಠಿಣ ಸಂಗತಿಯನ್ನೂ ಹೇಳಲೇಬೇಕು. 2004ರಲ್ಲಿ ಅಮೆರಿಕದ ಅದೇ ಇಲಾಖೆ ಈ ಔಷಧಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸಬೇಕೆಂದು ಆಜ್ಞೆ ಮಾಡಿತು. ಎಲ್ಲ ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ, ಗುಳಿಗೆ ತೆಗೆದುಕೊಂಡ 100 ಮಕ್ಕಳಲ್ಲಿ ಸುಮಾರು 4 ಮಂದಿಯಲ್ಲಿ, ಹುಸಿ ಗುಳಿಗೆಯವರಲ್ಲಿ ಸುಮಾರು 2 ಮಂದಿಯಲ್ಲಿ ಸಾಯುವ ಯೋಚನೆ ಇಲ್ಲವೆ ಅಂತಹ ನಡತೆ ಕಂಡಿತ್ತು. ಆ ಪರೀಕ್ಷೆಗಳಲ್ಲಿ ಯಾವ ಮಗುವೂ ಹಾಗೆ ಪ್ರಾಣ ಕಳೆದುಕೊಳ್ಳಲಿಲ್ಲ ಎಂಬುದನ್ನೂ ಕೂಡಿಸಿಕೊಂಡೇ ಕೇಳಿರಿ. ಹೆದರಿ ಗುಳಿಗೆಯನ್ನು ಕಿಟಕಿಯಿಂದ ಎಸೆಯಲು ಇದನ್ನು ಹೇಳುತ್ತಿಲ್ಲ. ಖಿನ್ನತೆಯನ್ನು ಹಾಗೆಯೇ ಬಿಟ್ಟರೆ ಅದೂ ಪ್ರಾಣಕ್ಕೆ ಎರವಾಗುತ್ತದೆ. ಮಾತು ಬರುವ ಮಗುವಾದರೆ ನೇರವಾಗಿಯೇ ಕೇಳಿರಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಯಲ್ಲಿ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮಾತು ಬಾರದ ಮಗುವಾದರೆ, ಪ್ರೀತಿಯ ಆಟವನ್ನು ಒಮ್ಮೆಲೇ ಬಿಟ್ಟುಬಿಟ್ಟಿತೆ, ಉಣ್ಣುವುದನ್ನು ಬಿಟ್ಟಿತೆ, ಹೊಸ ರೀತಿಯಲ್ಲಿ ತನ್ನನ್ನು ಘಾಸಿಮಾಡಿಕೊಳ್ಳುತ್ತಿದೆಯೆ, ಅದೇ ಅದರ ಮಾತು.

ಬಿಡುವುದಕ್ಕೂ ಒಂದು ರೀತಿಯಿದೆ. ಜೀವಮಾನವೆಲ್ಲ ನುಂಗಬೇಕು ಎಂದೇನೂ ಇಲ್ಲ. ಕೆಲವು ತಿಂಗಳು, ಒಂದು ವರ್ಷ ನೆಮ್ಮದಿಯಾಗಿ ಕಳೆದ ಮೇಲೆ ವೈದ್ಯರೇ ಸ್ವಲ್ಪ ಸ್ವಲ್ಪ ಇಳಿಸಿ ನೋಡುತ್ತಾರೆ. ಶಾಲೆ ತೆರೆಯುವ ಕಾಲದಲ್ಲಲ್ಲ, ಮನೆಯಲ್ಲಿ ಮದುವೆಯಿರುವಾಗಲಲ್ಲ, ಸಮಾಧಾನದ ಕಾಲ ನೋಡಿ. ಫ್ಲುಆಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿರುತ್ತದೆ. ಸರ್ಟ್ರಾಲಿನ್ ಬೇಗ ಹೊರಟುಹೋಗುತ್ತದೆ. ಅದಕ್ಕೇ ನಮ್ಮ ಮಾತು ಕೇಳಿದ ಮೂರನೆಯ ದಿನವೇ ಆ ಹುಡುಗನಿಗೆ ಭೂಮಿ ತಿರುಗಿತು.

ಕೊಡುವಾಗ ಕದ್ದು ಕೊಡಬೇಡಿರಿ. ಮೊಸರನ್ನ ಒಂದನ್ನೇ ಉಣ್ಣುತ್ತಿದ್ದ ಒಬ್ಬ ಹುಡುಗನಿಗೆ ಅದರಲ್ಲಿಯೇ ಗುಳಿಗೆ ಪುಡಿ ಮಾಡಿ ಹಾಕಿದರು. ಕಹಿ ತಾಗಿತು. ಗುಳಿಗೆಯೂ ಹೋಯಿತು, ಮೊಸರನ್ನವೂ ಹೋಯಿತು. ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ. ಈ ಮಕ್ಕಳ ನಾಲಗೆ, ಕಿವಿ, ಚರ್ಮ ನಮ್ಮದಕ್ಕಿಂತ ಸೂಕ್ಷ್ಮ. ಫ್ಲುಆಕ್ಸೆಟಿನ್ನಂತಹ ಕೆಲವು ಔಷಧಗಳು ದ್ರವರೂಪದಲ್ಲಿಯೂ ಸಿಗುತ್ತವೆ, ಕೇಳಿ ನೋಡಿರಿ. ತಿಳಿಯುವ ಮಗುವಾದರೆ ಏಕೆ ಕೊಡುತ್ತೇವೆ ಎಂದು ಹೇಳಿ ಕೊಡಿರಿ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಆಟಿಸಂ ಇದ್ದವಳು, ಅಕ್ಷರ ಬಹಳ ಚೆಂದ, ನಮಗೊಂದು ಚೀಟಿ ಬರೆದು ಕೇಳಿದಳು: ಈ ಗುಳಿಗೆ ತಗೊಂಡರೆ ನಾನು ಬೇರೆಯವಳು ಆಗುತ್ತೇನೆಯೆ? ಆ ಚೀಟಿಗೆ ಉತ್ತರ ಬರೆಯಲು ನಮಗೆ ಎರಡು ದಿನ ಹಿಡಿಯಿತು. ಬೇರೆಯವಳಾಗುವುದಿಲ್ಲ ಮಗಳೇ, ಹೆದರಿಕೆ ಕಡಿಮೆಯಾದೀತು, ಆಗದಿದ್ದರೆ ವೈದ್ಯರಿಗೆ ನೀನೇ ಬರೆದು ಹೇಳು ಎಂದು ಬರೆದೆವು.

ಗುಳಿಗೆಗೆ ಮೊದಲು ನೋಡಬೇಕಾದ್ದೂ ಇದೆ. ಒಂಬತ್ತು ವರ್ಷದ ಹುಡುಗಿ ಕೈ ಕಚ್ಚಿಕೊಳ್ಳತೊಡಗಿದಳು. ಔಷಧ ಹಾಕಿಸಿ ಕಳಿಸಿರಿ, ಇಲ್ಲದಿದ್ದರೆ ಬೇಡ ಎಂದು ಶಾಲೆಯವರು ಹಟ ಹಿಡಿದರು. ಒಬ್ಬ ಹಿರಿಯ ವೈದ್ಯರು ಬಾಯಿ ತೆರೆಸಿ ನೋಡಿದರೆ ದವಡೆ ಹಲ್ಲು ಬೇರಿನ ತನಕ ಹುಳುಕಾಗಿತ್ತು. ಹಲ್ಲು ತೆಗೆದರು; ಕಚ್ಚುವುದು ನಿಂತಿತು. ಹಲ್ಲು, ಕಿವಿ, ಮಲಬದ್ಧತೆ ಇವನ್ನು ನೋಡದೆ ಮನಸ್ಸಿನ ಗುಳಿಗೆಗೆ ಹೋಗಬಾರದು. ಮಾತು ಬರುವ ಮಕ್ಕಳ ಭಯಕ್ಕೆ ಚಿತ್ರಗಳನ್ನು ಬಳಸಿ, ಹಂತ ಹಂತವಾಗಿ ಧೈರ್ಯ ಕಲಿಸುವ ಮನಶ್ಚಿಕಿತ್ಸೆಯೂ ಗುಣ ಕೊಡುತ್ತದೆ. ಕಲಿಸುವವರು ತಾಲೂಕಿನ ಊರುಗಳಲ್ಲಿ ಸಿಗುವುದು ದುರ್ಲಭ, ಇದು ನಮ್ಮ ದುರ್ದೈವ.

ಆ ಕಂಡಕ್ಟರನ ಮಗನ ಸಂಗತಿಯಲ್ಲಿಯೂ ವೈದ್ಯರು ಗುಳಿಗೆಯೊಂದನ್ನೇ ಬರೆಯಲಿಲ್ಲ. "ಅಕ್ಕ ಎಲ್ಲಿಗೆ ಹೋದಳು ಅಂತ ಇವನಿಗೆ ಯಾರು ಹೇಳಿದ್ರಿ?" ಎಂದು ಕೇಳಿದರು. ತಾಯಿ ತಂದೆ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಹೇಳಿರಲಿಲ್ಲ. ತಿಳಿಯುವುದಿಲ್ಲ ಎಂದು ಬಿಟ್ಟಿದ್ದರು. ಆಮೇಲೆ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ಅಕ್ಕ ಬರುವ ದಿನಕ್ಕೆ ಅವಳ ಫೋಟೋ ಅಂಟಿಸಿದರು; ಅವಳೂರಿನ ಬಸ್ಸಿನ ವೇಳೆಯನ್ನು ಅಪ್ಪ ಬರೆದುಕೊಟ್ಟ. ಗುಳಿಗೆ ಎಷ್ಟು ಗುಣ ಮಾಡಿತೋ, ಆ ಕ್ಯಾಲೆಂಡರ್ ಎಷ್ಟು ಮಾಡಿತೋ, ನಾವು ಪಾಲು ಹಂಚಲಾರೆವು.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳದೇ ಬೇರೆ ವಿಭಾಗವಿದೆ; ಮಾತಿನ ತರಬೇತಿಗೆ ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ನಡೆದಿದೆ. ರಾತ್ರಿ ಹೊತ್ತಿನಲ್ಲಿ ದಾರಿ ತೋಚದಿದ್ದರೆ 14416 ಎಂಬ ಸರ್ಕಾರದ ಟೆಲಿ ಮಾನಸ್ ದೂರವಾಣಿಗೆ ಕರೆ ಮಾಡಿರಿ. 2022ರಿಂದ ಇದೆ, ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ. 2016ರ ಕಾಯಿದೆಯಲ್ಲಿ ಆಟಿಸಂ ಅನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಪ್ರಮಾಣಪತ್ರ ಮಾಡಿಸಿಕೊಂಡವರಿಗೆ ನಿರಾಮಯ ಎಂಬ ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚಕ್ಕೆ ಅವಕಾಶವಿದೆ. ಅರ್ಜಿ ತುಂಬಲು ಬಾರದವರಿಗೆ ನಮ್ಮ ಪ್ರಸಾದ ನಿಲಯದ ಹುಡುಗರು ತುಂಬಿಕೊಡುತ್ತಾರೆ, ಅವರಿಗೆ ಹೇಳಿಟ್ಟಿದ್ದೇವೆ.

ಗುಳಿಗೆಯ ಚೀಟಿಯನ್ನು ಮಾತ್ರ ಇನ್ನು ಮೇಲೆ ನಮಗೆ ತೋರಿಸಬೇಡಿರಿ. ಪ್ರಾರಂಭಿಸಲೋ ಬಿಡಲೋ ಎಂದು ನಮ್ಮನ್ನು ಕೇಳಬೇಡಿರಿ. ನಾವು ಮರೆತು ಉತ್ತರ ಕೊಟ್ಟರೂ ಅದನ್ನು ಕೇಳಬೇಡಿರಿ. ಅತ್ತೆಯಂದಿರೇ, ನೀವೂ ಅಷ್ಟೆ.

ನಗಾರಿಯ ಮಾತು ಉಳಿಯಿತು. ಆ ಹುಡುಗ ಇಂದು ತಂದೆಯ ಜೊತೆ ಬಂದಿದ್ದಾನೆ. ಎಲ್ಲಿ ಕುಳಿತಿದ್ದಾನೆ ಎಂದು ತಿರುಗಿ ನೋಡಬೇಡಿರಿ. ಹೋದ ಸಲ ನಗಾರಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಹೊರಗೆ ಓಡಿದ್ದ. ಇಂದು ಮಠದ ಹನ್ನೆರಡು ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿ ಬಂದ. ನಾವು ಮೇಲೆ ನಿಂತು ನೋಡಿದೆವು. ನಮ್ಮನ್ನು ಕಂಡು ನಮಸ್ಕರಿಸಲಿಲ್ಲ. "ಹುಬ್ಬಳ್ಳಿ ಎಂಟೂ ಹತ್ತು" ಎಂದ. ಅದು ಇಲ್ಲಿಂದ ಹೊರಡುವ ಕೊನೆಯ ಬಸ್ಸು. ಈಗ ಏಳೂಕಾಲು. ಪ್ರಸಾದ ಸಿದ್ಧವಾಗಿದೆ, ಮೊದಲ ಪಂಕ್ತಿಯಲ್ಲಿ ಆ ಬಸ್ಸು ಹಿಡಿಯುವವರು ಕುಳಿತುಕೊಳ್ಳಲಿ.